ಬರೆದವರ ಕುರ್ಚಿ

ಉಬಾಲ್ದೊನನ್ನು ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿ ಹಂದಿ ಕೊಯ್ಯುವ ಕತ್ತಿ ಇತ್ತು. ಅದನ್ನು ಅವನಿಗೆಂದೇ ಹಿಡಿದುಕೊಂಡು ಹೋಗಿದ್ದೆ.

ಅವತ್ತು ಮಾಂಸ ಕೊಳ್ಳಲು ಬಂದ ತಂಬಾಕು ಹೊಲದ ಹೆಂಗಸೊಬ್ಬಳು, "ಎನೇದಾ, ನಿನ್ನ ಹೆಸರು ಬರ್ದು ಶಾಲೆಯಲ್ಲಿ ನೇತಾಕಿದಾರಂತೆ. ಕತ್ತಿ, ನಾಲಿಗೆ ಅಂತ ಏನೇನೋ ಇದೆಯಂತೆ" ಎಂದು ಹೇಳಿ ನಗುತ್ತಾ ಹೋದಳು. ಸೇಬಾ ಸೆಕಾ ಊರಿನಲ್ಲಿ ಹಂದಿ ಕಡಿಯುವವಳು ನಾನೊಬ್ಬಳೇ. ಅಪ್ಪ ಸತ್ತ ಮೇಲೆ ಚೌಕದ ಅಂಗಡಿ, ಕೊರಡು, ಮಚ್ಚು ನನಗೆ ಬಂದವು, ಜೊತೆಗೆ ಅಪ್ಪನ ಸಿಟ್ಟೂ ಬಂತು. ಮೂವತ್ತೊಂದು ವರ್ಷವಾಗಿದ್ದರೂ ಮದುವೆಯಾಗಿರಲಿಲ್ಲ. ಹೆಣ್ಣು ಕೇಳಲು ಬಂದವರು ಕೊರಡಿನ ತನಕ ಬಂದು, ನನ್ನ ಮುಖ ನೋಡಿ, ಒಂದು ಕಿಲೊ ಮಾಂಸ ಕಟ್ಟಿಸಿಕೊಂಡು ವಾಪಸ್ ಹೋಗುತ್ತಿದ್ದರು.

ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಅದೇ ಒಂದು ಕೋಣೆಯ ಶಾಲೆಯಲ್ಲಿ ದೊಡ್ಡವರಿಗೆ ಓದು-ಬರಹದ ಕಮ್ಮಟ ನಡೆಯುತ್ತಿತ್ತು. ಅದನ್ನು ನಡೆಸಲು ಕಾರ್ತಹೇನಾ ನಗರದಿಂದ ಒಬ್ಬ ಮೇಷ್ಟ್ರು ಬಂದು ಆರು ವಾರವಾಗಿತ್ತು. ನಾನು ಬಾಗಿಲನ್ನು ಕಾಲಿನಿಂದ ಒದ್ದೆ.

"ಯಾರ್ರೀ ಇಲ್ಲಿ ಮೇಷ್ಟ್ರು?"

"ನಾನೇ" ಎಂದು ಸಣಕಲು ಮನುಷ್ಯನೊಬ್ಬ ಎದ್ದ. ಅವನೇ ಉಬಾಲ್ದೊ. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಸುತ್ತಿತ್ತು. ಅವನು ಕತ್ತಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಕತ್ತಿ ನೋಡಿದ. "ಕೂತ್ಕೊಳ್ಳಿ. ಕತ್ತಿ ಬೆಂಚಿನ ಮೇಲಿಡಬಹುದು. ಕೈಯಲ್ಲೇ ಇದ್ರೂ ಪರವಾಗಿಲ್ಲ."

"ನನ್ನ ಹೆಸರು ಎಲ್ಲಿ ನೇತಾಕಿದೀರಿ? ಅದನ್ನ ಹೇಳಿ."

ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ ಹಾಳೆಗಳನ್ನು ತೂಗುಹಾಕಿದ್ದರು. ಯಾವುದರಲ್ಲಿ ನಾನಿದ್ದೇನೆ ಎಂದು ನನಗೆ ಗೊತ್ತಾಗುವಂತಿರಲಿಲ್ಲ, ನನಗೆ ಓದು ಬರುತ್ತಿರಲಿಲ್ಲ. ಆ ಅವಮಾನಕ್ಕೇ ಇನ್ನಷ್ಟು ರೇಗಿ ದಾರವನ್ನು ಒಂದೇ ಬೀಸಿಗೆ ಕಡಿದೆ. ಹಾಳೆಗಳೆಲ್ಲ ನೆಲಕ್ಕೆ ಬಿದ್ದವು. ಯಾರೋ ಕಿರುಚಿದರು. ಅವನು ಮಾತ್ರ ಮಂಡಿಯೂರಿ ಒಂದೊಂದೇ ಹಾಳೆ ಎತ್ತಿ, ಧೂಳು ಊದಿ, ಅದರಲ್ಲೊಂದನ್ನು ಆರಿಸಿದ.

"ನಿಕೊಲಾಸಾ ಅಜ್ಜೀ, ಇದು ನಿಮ್ಮದು. ನೀವೇ ಓದಿಬಿಡಿ."

ಎಪ್ಪತ್ತು ದಾಟಿದ ನಿಕೊಲಾಸಾ ಅಜ್ಜಿ ಎದ್ದು ಬಂದು ಕೋಣೆಯ ಮಧ್ಯದಲ್ಲಿದ್ದ ಚರ್ಮದ ಕುರ್ಚಿಯಲ್ಲಿ ಕೂತಳು. ಅಕ್ಷರದ ಕೆಳಗೆ ಬೆರಳಿಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಓದಿದಳು.

"ಎನೇದಾಳ ಕತ್ತಿ ಹರಿತ. ನಾಲಿಗೆ ಅದಕ್ಕಿಂತ ಹರಿತ. ನನ್ನ ಗಂಡ ಸತ್ತಾಗ ಒಂಬತ್ತು ದಿನದ ಪ್ರಾರ್ಥನೆಗೂ ದಿನಾ ಮಾಂಸ ತಂದು ಬಾಗಿಲಲ್ಲಿ ಇಟ್ಟು ಮಾತಾಡದೆ ಹೋದಳು. ಅವಳಿಗೂ ಅಳೋಕೆ ಬರುತ್ತೆ. ನಾನು ನೋಡಿದ್ದೇನೆ. ನಿಕೊಲಾಸಾ."

ನಾನು ಕತ್ತಿಯನ್ನು ಬೆಂಚಿನ ಮೇಲಿಟ್ಟೆ.

"ಈಗ ಮೂರು ಪ್ರಶ್ನೆ ಕೇಳ್ಬಹುದು" ಎಂದ ಮೇಷ್ಟ್ರು. "ಬೈಯೋ ಹಾಗಿಲ್ಲ, ಹೊಗಳೋ ಹಾಗೂ ಇಲ್ಲ. ಪ್ರಶ್ನೆ ಮಾತ್ರ. ಇಲ್ಲಿಯ ನಿಯಮ ಅದು."

ನಾನು ಕೇಳಿದೆ: "ಅಜ್ಜೀ, ನಾನು ಅತ್ತಿದ್ದನ್ನ ನೀನು ಎಲ್ಲಿಂದ ನೋಡಿದೆ?"

"ಕಿಟಕಿಯಿಂದ ಕಣೇ. ಮೂಗು ಏಪ್ರನ್ನಿಗೆ ಒರೆಸ್ಕೊಂಡೆ ನೋಡು, ಅದೂ ನೋಡಿದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ನಗಲಿಲ್ಲ. ಕಡಿದ ದಾರದ ಒಂದು ತುದಿಯನ್ನು ತಾನು ಹಿಡಿದು ಇನ್ನೊಂದನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಎಳೆದು ಹಿಡ್ಕೊಳ್ಳಿ" ಎಂದ. ಗಂಟು ಹಾಕುವಾಗ ಅವನ ಕಿವಿ ಕೆಂಪಾಗಿದ್ದು ನನಗೆ ಕಾಣಿಸಿತು. ಮಾರನೇ ದಿನ ಕೈ ತೊಳೆದುಕೊಂಡು ನಾನೂ ಶಾಲೆಗೆ ಹೋದೆ. ಯಾರು ಯಾರು ನನ್ನ ಬಗ್ಗೆ ಏನೇನು ಬರೆಯುತ್ತಾರೆ ನೋಡಬೇಕಲ್ಲ ಎಂದು ಊರಿಗೆಲ್ಲ ಹೇಳಿಕೊಂಡೆ.

ಅಲ್ಲಿ ಕಲಿಸುವ ರೀತಿಯೇ ಬೇರೆ. ಮೊದಲು ಅವರವರ ಬಾಯಿಂದ ಒಂದು ಮಾತು ಬರಬೇಕು, ಅದನ್ನು ಅವನು ಬೋರ್ಡಿನ ಮೇಲೆ ಬರೆಯುತ್ತಿದ್ದ, ಆ ಮಾತಿನಿಂದಲೇ ಅಕ್ಷರ ಕಲಿಯಬೇಕು. ನಾನು ಹೇಳಿದ ಮೊದಲ ಮಾತು ಇದು: "ಹಂದಿಯನ್ನು ಒಂದೇ ಏಟಿಗೆ ಕೊಲ್ಲಬೇಕು. ಎರಡನೇ ಏಟು ಪಾಪ." ಅವನು ಅದನ್ನು ಬರೆದು, ಬೋರ್ಡಿಗೆ ಬೆನ್ನು ಕೊಟ್ಟು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ್ದ.

ಬರೆದವರು ಆ ಚರ್ಮದ ಕುರ್ಚಿಯಲ್ಲಿ ಕೂತು ಓದಬೇಕು. ಅವರು ಕೂತಿರುವಷ್ಟು ಹೊತ್ತು ಮಾತು ಅವರದ್ದೇ. ಒಬ್ಬರ ಹಾಳೆಗೆ ಇನ್ನೊಬ್ಬರ ಪೆನ್ನು ತಾಗಬಾರದು, ಮೇಷ್ಟ್ರದ್ದೂ ತಾಗಬಾರದು. ಕೆಳಗೆ ಬರೆದವರ ಹೆಸರಿರಬೇಕು. ಎಲ್ಲಕ್ಕಿಂತ ವಿಚಿತ್ರ ನಿಯಮವೆಂದರೆ, ಅವನ ಅಕ್ಷರವನ್ನು ಯಾರೂ ನಕಲು ಮಾಡುವ ಹಾಗಿರಲಿಲ್ಲ. "ನಿಮ್ಮ ನಡಿಗೆ ನಿಮ್ಮದು ತಾನೆ? ಬರವಣಿಗೇನೂ ಹಾಗೇ" ಎನ್ನುತ್ತಿದ್ದ. ಎರಡು ತಿಂಗಳಲ್ಲಿ ನನ್ನ ಅಕ್ಷರಗಳು ಹಿಂದಕ್ಕೆ ವಾಲಿಕೊಂಡು, ಒಂದೊಂದರ ಕೊನೆಗೂ ಒಂದು ಬಾಲ ಎಳೆದುಕೊಂಡು ಬರತೊಡಗಿದವು.

"ಎಲ್ಲದಕ್ಕೂ ಹಂದಿ ಬಾಲ ಇಟ್ಟಿದೀರಲ್ಲ?" ಎಂದ ಒಂದು ದಿನ, ನನ್ನ ಭುಜದ ಹಿಂದಿನಿಂದ ಬಗ್ಗಿ.

"ನಿಮಗೆ ಬೇಡ ಅಂದ್ರೆ ಕಡೀತೀನಿ ಬಿಡಿ."

"ಅಯ್ಯೋ ಬೇಡ, ಹಾಗೇ ಇರ್ಲಿ" ಎಂದ. ಎಷ್ಟು ಗಾಬರಿಯಿಂದ ಹೇಳಿದನೆಂದರೆ ನಿಕೊಲಾಸಾ ಅಜ್ಜಿ ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

ನನ್ನ ಹಾಳೆಗಳನ್ನು ಓದಲೆಂದು ಸಂಜೆ ಮನೆಗೆ ಒಯ್ದು ಮಾರನೇ ದಿನ ತಂದು ದಾರಕ್ಕೆ ಹಾಕುತ್ತಿದ್ದ. ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಹುರಿದ ಹಂದಿ ಚರ್ಮ ಕೇಳುತ್ತಿದ್ದ. ಕೊಟ್ಟರೆ ಅಲ್ಲೇ ನಿಂತು ಬೇಯಿಸಿದ ಮರಗೆಣಸಿನ ಜೊತೆ ತಿನ್ನುತ್ತಿದ್ದ. ಅದು ಅವನ ಹೊಟ್ಟೆಗೆ ಆಗುವುದಿಲ್ಲ ಎಂದು ಅವನು ಬಾಡಿಗೆಗಿದ್ದ ಮನೆಯ ಒಡತಿ ಊರಿಗೆಲ್ಲ ಹೇಳಿದ್ದಳು.

"ಮೇಷ್ಟ್ರೇ, ಹೊಟ್ಟೆ ಕೆಡಿಸ್ಕೊಳ್ಳೋಕೆ ಇಷ್ಟು ದೂರ ನಡ್ಕೊಂಡು ಬರ್ತೀರಲ್ಲ, ಏನ್ ಸಮಾಚಾರ?"

"ಮೂರು ಪ್ರಶ್ನೆ ಇತ್ತು" ಎಂದ ಬೆರಳು ನೆಕ್ಕುತ್ತಾ. "ಒಂದು, ಮಚ್ಚು ಎತ್ತಿ ಎತ್ತಿ ನಿಮ್ಮ ಕೈ ನೋಯಲ್ವಾ?"

"ನೋಯುತ್ತೆ. ಯಾರೂ ಕೇಳಿರ್ಲಿಲ್ಲ, ಹಾಗಾಗಿ ಹೇಳಿರ್ಲಿಲ್ಲ."

"ಎರಡು, ನಗುವಾಗ ಯಾಕೆ ಬಾಯಿಗೆ ಕೈ ಅಡ್ಡ ಇಡ್ತೀರಿ?"

ಮುಂದಿನ ಹಲ್ಲು ಅರ್ಧ ಮುರಿದಿದೆ ಎಂದು ಹೇಳಲು ನಾಚಿಕೆಯಾಗಿ, "ಮೂರನೇದು ಕೇಳಿ" ಎಂದೆ.

"ಅದು ಇನ್ನೊಂದು ದಿನ" ಎಂದು ಹೇಳಿ ಹೋದ. ಆ ದಿನ ನಾನು ಮೂರು ಜನಕ್ಕೆ ತಪ್ಪು ತೂಕ ಕೊಟ್ಟೆ, ಮೂವರಿಗೂ ಹೆಚ್ಚೇ ಕೊಟ್ಟೆ.

ಇಷ್ಟರಲ್ಲೇ ನಾನು ನಿಂತಿದ್ದರೆ ಚೆನ್ನಾಗಿತ್ತು. ಆದರೆ ಓದು ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು ಹಿಡಿಯುತ್ತದೆ. ಸೋಪಿನ ಪೊಟ್ಟಣ ಓದಿದೆ, ಗೊಬ್ಬರದ ಚೀಲ ಓದಿದೆ, ಕೊನೆಗೆ ಪೆಟ್ಟಿಗೆಯ ತಳದಲ್ಲಿದ್ದ ನನ್ನ ತಮ್ಮ ದೇಲಿಯೊನ ಸಾವಿನ ಕಾಗದ ತೆಗೆದೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ನನ್ನ ಹೆಬ್ಬೆಟ್ಟು. ಮೇಲೆ ಹೀಗೆ ಬರೆದಿತ್ತು: "ಹಳ್ಳದಲ್ಲಿ ಮುಳುಗಿ ಸತ್ತಿರುತ್ತಾನೆ ಎಂದು ಅಕ್ಕನ ಹೇಳಿಕೆ."

ದೇಲಿಯೊ ಮುಳುಗಲಿಲ್ಲ. ಎರಡು ವರ್ಷದ ಹಿಂದೆ, ನಡುಮಧ್ಯಾಹ್ನ, ಚೌಕದ ಬಾದಾಮಿ ಮರದ ಕೆಳಗೆ ಬೂಟಿನವರು ಅವನನ್ನು ಕೊಂದರು. ಬಂದೂಕು ಹಿಡಿದು ಊರೂರು ಆಳುತ್ತಿದ್ದ ಅವರಿಗೆ ಬೇರೆ ಹೆಸರು ಹೇಳಲು ನಮಗೆ ಧೈರ್ಯವಿರಲಿಲ್ಲ. ಅವರ ನಾಯಕನ ಗುಂಗುರು ಕೂದಲಿಗೆ ಅವನನ್ನು ಕುರಿಮರಿ ಎಂದು ಕರೆಯುತ್ತಿದ್ದರು. ಬೆಟ್ಟದ ದಾರಿ ತೋರಿಸು ಎಂದಾಗ ದೇಲಿಯೊ ಆಗುವುದಿಲ್ಲ ಎಂದ, ಅಷ್ಟೇ. ಅವನದೇ ಮಚ್ಚಿನಿಂದ ಹನ್ನೊಂದು ಏಟು ಹೊಡೆದರು. ಹನ್ನೊಂದನ್ನೂ ನಾನು ಎಣಿಸಿದ್ದೇನೆ, ಏಕೆಂದರೆ ಇಬ್ಬರು ನನ್ನ ಕೂದಲು ಹಿಡಿದು ಆ ಕಡೆಗೇ ಮುಖ ತಿರುಗಿಸಿದ್ದರು. ಕುರಿಮರಿ ಮಾವಿನಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಾ ನಿಂತಿದ್ದ. ಮೂರನೇ ದಿನ ಯಾರೋ ಒಂದು ಕಾಗದ ತಂದು, "ಮಣ್ಣು ಮಾಡೋಕೆ ಅನುಮತಿ ಬೇಕಮ್ಮ, ಇಲ್ಲಿ ಒತ್ತು" ಎಂದರು. ನಾನು ಒತ್ತಿದೆ. ನನ್ನ ತಮ್ಮನ ಸಾವಿನ ಸುಳ್ಳನ್ನು ನನ್ನ ಹೆಬ್ಬೆರಳೇ ಹೇಳಿತ್ತು, ಅದು ನನಗೆ ಎರಡು ವರ್ಷ ಗೊತ್ತೇ ಇರಲಿಲ್ಲ.

ಆ ದಿನ ಅಂಗಡಿ ತೆರೆಯಲಿಲ್ಲ. ಬರೆದೆ. ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಓದಿದೆ. "ದೇಲಿಯೊ ಮುಳುಗಿ ಸಾಯಲಿಲ್ಲ" ಎಂದು ಶುರುವಾಗಿ "ಕೊಲ್ಲಿಸಿದವನು ಕುರಿಮರಿ, ಊರೆಲ್ಲ ನೋಡಿದೆ" ಎಂದು ಮುಗಿಯುವ ಹಾಳೆ ಅದು. ಕೋಣೆಯಲ್ಲಿ ಕಲಿಯುವವರು ಹದಿನಾಲ್ಕು ಜನ ಇದ್ದೆವು. ಯಾರೂ ತಲೆ ಎತ್ತಲಿಲ್ಲ.

ನಿಕೊಲಾಸಾ ಅಜ್ಜಿ ಕೇಳಿದಳು: "ಅವತ್ತು ಅವನು ಯಾವ ಅಂಗಿ ಹಾಕಿದ್ದ?"

"ಹಳದಿ. ನಾನೇ ಹೊಲಿದಿದ್ದು."

"ಬರಿ ಹಾಗಾದ್ರೆ. ಅಂಗಿನೂ ಬರಿ."

ಬರೆದೆ. ಎಲ್ಲರೂ ಹೋದ ಮೇಲೆ ಹಾಳೆಯನ್ನು ದಾರಕ್ಕೆ ಹಾಕಲು ಹೋದರೆ ಉಬಾಲ್ದೊ ಕ್ಲಿಪ್ಪು ಕೊಡಲಿಲ್ಲ.

"ಇದು ಬೇಡ ಎನೇದಾ."

"ನೇತು ಹಾಕ್ಬೇಕು ಅನ್ನೋದು ನಿಮ್ಮದೇ ನಿಯಮ ತಾನೆ?"

"ನಿಯಮ ನಂದೇ. ಭಯಾನೂ ನಂದೇ. ನಿಮ್ಮನ್ನ ಆ ಮರದ ಕೆಳಗೆ ನೋಡೋಕೆ ನನ್ನಿಂದ ಆಗಲ್ಲ."

"ನನ್ನ ತಮ್ಮನ್ನ ನೋಡೋಕೆ ನನ್ನಿಂದ ಆಯ್ತಲ್ಲ?" ನಾನು ಅವನ ಎದೆಗೆ ಕೈ ಇಟ್ಟು ತಳ್ಳಿದೆ. ಅವನು ಬೆಂಚಿಗೆ ತಾಗಿ ಬಿದ್ದ. ಬಿದ್ದಲ್ಲಿಂದಲೇ, "ಆಯ್ತು, ಎಲ್ಲಿ ಬೇಕಾದ್ರೂ ಹಾಕಿ. ಹೆಸರು ಮಾತ್ರ ಹಾಕ್ಬೇಡಿ. ಕೈ ಮುಗೀತೀನಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಸಲುವಾಗಿ ಒಬ್ಬ ಗಂಡಸು ಅತ್ತಿದ್ದನ್ನು ನಾನು ಮೊದಲ ಸಲ ನೋಡಿದೆ, ಅದಕ್ಕೇ ಒಪ್ಪಿದೆ.

ಭಾನುವಾರ ಬೆಳಿಗ್ಗೆ ಪೂಜೆಗೆ ಮೊದಲು ಆ ಹಾಳೆಯನ್ನು ಬಾದಾಮಿ ಮರಕ್ಕೆ ಮೊಳೆ ಹೊಡೆದೆ. ಹೆಸರು ಹಾಕಲಿಲ್ಲ. ಚರ್ಚಿನಿಂದ ಬಂದವರಲ್ಲಿ ಓದು ಬರುವವರು ಬಾರದವರಿಗೆ ಮೆಲ್ಲಗೆ ಓದಿ ಹೇಳಿದರು. ಗಂಟೆ ಹೊತ್ತಿನಲ್ಲಿ ಬೂಟಿನವರಿಬ್ಬರು ಬಂದು ಹರಿದು ಒಯ್ದರು.

ಸೋಮವಾರ ಶಾಲೆಗೆ ಹೋದರೆ ದಾರದ ಮೇಲೆ ನನ್ನ ಹಾಳೆ ಒಂದೂ ಇಲ್ಲ. ಕ್ಲಿಪ್ಪುಗಳು ಖಾಲಿ. ಉಳಿದವರದ್ದೆಲ್ಲ ಹಾಗೇ ಇದ್ದವು.

"ನನ್ನವೆಲ್ಲಿ?"

"ಸುಟ್ಟೆ" ಎಂದ ಮುಖ ನೋಡದೆ. "ಜಾಗ ಇರ್ಲಿಲ್ಲ."

ನಾಲ್ಕು ತಿಂಗಳ ನನ್ನ ಅಕ್ಷರ! ಹೆದರುಪುಕ್ಕಲ ಎಂದು ಬೈದೆ, ಇನ್ನೂ ಏನೇನೋ ಬೈದೆ, ಅಪ್ಪ ಹಂದಿಗಳಿಗೆ ಬೈಯುತ್ತಿದ್ದದ್ದನ್ನೂ ಬೈದೆ. ಅವನು ಬೋರ್ಡು ಒರೆಸುತ್ತಲೇ ಇದ್ದ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಇನ್ನು ಇವನ ಮುಖ ನೋಡುವುದಿಲ್ಲ ಎಂದುಕೊಂಡು ಮನೆಗೆ ಬಂದು ಹೊಟ್ಟೆ ತುಂಬ ಅತ್ತೆ.

ಬುಧವಾರ ಬೆಳಿಗ್ಗೆ ಬೂಟಿನವರ ಲಾರಿ ಚೌಕಕ್ಕೆ ಬಂತು. ಈ ಸಲ ಅಕ್ಕಿ ಮೂಟೆ ತುಂಬಿಕೊಂಡು ಬಂದಿತ್ತು. ಮರದ ಕೆಳಗೆ ಮೇಜು ಹಾಕಿ ಗುಮಾಸ್ತನೊಬ್ಬ ಕೂತ. ಕುರಿಮರಿ ನನ್ನ ಅಂಗಡಿಯ ನೆರಳಲ್ಲಿ ನಿಂತು ಘೋಷಿಸಿದ: "ಮನೆಗೆ ಹತ್ತು ಕಿಲೊ! ಹೆಸರು ಬರ್ದು, ಅಕ್ಕಿ ಪಡೆದೆ ಅಂತ ಬರ್ದು ತಗೊಂಡೋಗಿ. ಬರೆಯೋಕೆ ಬರದೋರು ಹೆಬ್ಬೆಟ್ಟು ಒತ್ತಿ."

ನಾವು ಎಂಥ ಪೆದ್ದರು! ಹುಟ್ಟಿದಾಗಿನಿಂದ ಹೆಬ್ಬೆಟ್ಟು ಒತ್ತಿ ಒತ್ತಿ ತಲೆ ತಗ್ಗಿಸಿದವರು ನಾವು. ಊರೆದುರು ಸಹಿ ಹಾಕುವ ಅವಕಾಶ ಸಿಕ್ಕಿತಲ್ಲ ಎಂದು ಹದಿನಾಲ್ಕು ಜನವೂ ತಲೆ ಬಾಚಿ, ಭಾನುವಾರದ ಬಟ್ಟೆ ತೊಟ್ಟು ಸಾಲಿನಲ್ಲಿ ನಿಂತೆವು. ಒಬ್ಬನಂತೂ ಶಾಯಿ ಪ್ಯಾಡನ್ನು ಬೆರಳ ತುದಿಯಿಂದ ಆಚೆ ಸರಿಸಿ, "ಇದು ನಮಗೆ ಬೇಡ ಸ್ವಾಮಿ" ಎಂದ. ನಾವೆಲ್ಲ ಹೆಬ್ಬೆಟ್ಟು ಒತ್ತಿದ್ದರೆ ಆ ಗುಮಾಸ್ತನಿಗೆ ಹೋಲಿಸಿ ನೋಡಲು ಏನೂ ಸಿಗುತ್ತಿರಲಿಲ್ಲ.

ಅವನ ಮೊಣಕೈ ಕೆಳಗೆ ಮಡಿಚಿದ ಕಾಗದವೊಂದಿತ್ತು, ಅದರ ತುದಿಯಲ್ಲಿ ಮೊಳೆಯ ತೂತಿತ್ತು. ನಾನು ನೋಡಲಿಲ್ಲ. ಸಾಲಿನಲ್ಲಿ ನನ್ನ ಮುಂದೆ ಬಂದು ನುಗ್ಗಿದ ಉಬಾಲ್ದೊ ನೋಡಿದ. ಅವನು ಬಗ್ಗಿ ನಿಧಾನವಾಗಿ ಬರೆದು ಮುಗಿಸಿದ. ನಾನು ಪೆನ್ನಿಗೆ ಕೈ ಚಾಚಿದೆ.

"ಸತ್ತ ಹುಡುಗನ ಅಕ್ಕ ತಾನೆ ಇವಳು?" ಎಂದ ಕುರಿಮರಿ. "ಇವಳ ಬರಹ ಚೆನ್ನಾಗಿ ನೋಡು."

ಉಬಾಲ್ದೊ ಗಟ್ಟಿಯಾಗಿ ನಕ್ಕುಬಿಟ್ಟ. "ಎನೇದಾನಾ? ಅವಳಿಗೆ ಎಲ್ಲಿ ಬರೆಯೋಕೆ ಬರುತ್ತೆ? ನಾಲ್ಕು ತಿಂಗಳಾಯ್ತು, ಇನ್ನೂ ಮೊದಲನೇ ಅಕ್ಷರಾನೇ ತಿದ್ತಿದಾಳೆ. ಅಂಥ ಮೊದ್ದು ತಲೆ ನಾನು ನೋಡಿಲ್ಲ. ಹೆಬ್ಬೆಟ್ಟು ಒತ್ತಿಸ್ಕೊಳ್ಳಿ."

ಹಿಂದಿನಿಂದ ನಿಕೊಲಾಸಾ ಅಜ್ಜಿಯ ದನಿ ಕೇಳಿತು: "ಅವಳಿಗೆ ಹಂದಿ ಕಾಲು ಎಷ್ಟು ಅಂತ ಎಣಿಸೋಕೂ ಬರಲ್ಲ ಸ್ವಾಮಿ!" ಎಲ್ಲರೂ ನಕ್ಕರು, ನನ್ನ ಜೊತೆ ಬೆಂಚಿನಲ್ಲಿ ಕೂತು ಕಲಿತ ಹದಿಮೂರು ಜನವೂ ನಕ್ಕರು. ಉಬಾಲ್ದೊ ನನ್ನ ಬಲಗೈ ಹಿಡಿದು, ಹೆಬ್ಬೆರಳನ್ನು ಪ್ಯಾಡಿಗೆ ಅದುಮಿ, ಪಟ್ಟಿಗೆ ಒತ್ತಿದ. ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅವನ ಕೈ ಐಸಿನಂತೆ ತಣ್ಣಗಿತ್ತು. ಆ ಕ್ಷಣ ನನ್ನ ಬಳಿ ಕತ್ತಿ ಇದ್ದಿದ್ದರೆ ಅವನಿಗೇ ಹಾಕುತ್ತಿದ್ದೆ.

ಅಂಗಡಿಗೆ ಹೋಗಿ ಏಪ್ರನ್ ಕಟ್ಟಿಕೊಂಡು ಕೊರಡಿನ ಹಿಂದೆ ನಿಂತೆ. ಅಷ್ಟರಲ್ಲಿ ಗುಮಾಸ್ತ ಮಡಿಚಿದ ಕಾಗದ ಬಿಚ್ಚಿ, ಪಟ್ಟಿಯ ಪಕ್ಕ ಇಟ್ಟು, "ಸಿಕ್ಕಿದ! ಮೇಷ್ಟ್ರು!" ಎಂದು ಕೂಗಿದ.

ಅವನನ್ನು ಬಂದೂಕಿನ ಹಿಡಿಯಿಂದ ಬಾಯಿಗೆ ಹೊಡೆದರು. ಕನ್ನಡಕ ಒಡೆಯಿತು. ಬಿದ್ದವನ ಪಕ್ಕೆಗೆ ಒದ್ದರು, ಎಬ್ಬಿಸಿ ಮತ್ತೆ ಒದ್ದರು. ಇನ್ನೊಂದು ಕಡೆ ಶಾಲೆಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಬೆಂಚು, ದಾರ, ಹಾಳೆ, ಆ ಚರ್ಮದ ಕುರ್ಚಿ ಎಲ್ಲ ಉರಿಯುವ ವಾಸನೆ ಚೌಕಕ್ಕೆ ಬಂತು. ಅವನನ್ನು ಎಳೆದು ತಂದು ನನ್ನ ಕೊರಡಿನ ಮುಂದೆ ಮಂಡಿಯೂರಿಸಿದರು.

"ಕೊಂದ್ರೆ ಏನು ಪ್ರಯೋಜನ?" ಎಂದ ಕುರಿಮರಿ, ಬಲು ಶಾಂತವಾಗಿ. "ಒಂಬತ್ತು ದಿನ ಅಳ್ತಾರೆ, ಮರೀತಾರೆ. ಕೈ ಇಲ್ಲದ ಮೇಷ್ಟ್ರು ಊರಲ್ಲಿ ಓಡಾಡ್ತಿದ್ರೆ ದಿನಾ ನೆನಪಿರುತ್ತೆ. ಏಯ್ ಹಂದಿಯವಳೇ, ಕಡಿ. ನಿನ್ನ ತಮ್ಮನ ಹೆಸರಲ್ಲಿ ಕತೆ ಕಟ್ಟಿದ ಕೈ ಇದು. ನೀನು ಕಡೀದಿದ್ರೆ ನನ್ನ ಹುಡುಗರು ಕಡೀತಾರೆ, ತುಕ್ಕು ಹಿಡಿದ ಮಚ್ಚಲ್ಲಿ, ಎರಡೂ ಕೈ."

ಬರೆದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಉಬಾಲ್ದೊ ನನಗಿಂತ ಮೊದಲೇ ಮಾತಾಡಿದ. ತುಟಿ ಸೀಳಿದ್ದರಿಂದ ಮಾತು ತೊದಲುತ್ತಿತ್ತು.

"ಎನೇದಾ, ಮೊದಲು ಪಟ್ಟಿ ನೋಡು. ನನ್ನ ಹೆಸರು ನೋಡು."

ಅವನು ನನಗೆ ನೀನು ಎಂದದ್ದೂ ಅದೇ ಮೊದಲು. ಗುಮಾಸ್ತ ಎರಡೂ ಕಾಗದಗಳನ್ನು ಕೊರಡಿನ ತುದಿಯಲ್ಲಿ ಇಟ್ಟಿದ್ದ. ನೋಡಿದೆ. "ಉಬಾಲ್ದೊ" ಎಂದು ಬರೆದಿತ್ತು, ಕೆಳಗೆ "ಅಕ್ಕಿ ಪಡೆದೆ" ಎಂದಿತ್ತು. ಅಕ್ಷರಗಳು ಹಿಂದಕ್ಕೆ ವಾಲಿದ್ದವು. ಒಂದೊಂದರ ಕೊನೆಗೂ ಬಾಲವಿತ್ತು.

ಅದು ನನ್ನ ಬರಹ. ಅವನ ಹೆಸರು, ನನ್ನ ಬರಹ.

ಆಗ ನನಗೆ ಎಲ್ಲ ಅರ್ಥವಾಯಿತು. ಸುಟ್ಟ ಹಾಳೆಗಳು, ಒರೆಸಿದ ಬೋರ್ಡು, ಮೊದ್ದು ತಲೆ ಎಂದದ್ದು, ಅಜ್ಜಿ ನಕ್ಕದ್ದು, ಉಳಿದವರೆಲ್ಲ ನಕ್ಕದ್ದು. ಇಡೀ ತರಗತಿ ಸೇರಿ ನನ್ನನ್ನು ಬಚ್ಚಿಟ್ಟಿತ್ತು, ಗೊತ್ತಿಲ್ಲದವಳು ನಾನೊಬ್ಬಳೇ. ಈಗ ನಾನು ಬಾಯಿ ಬಿಟ್ಟರೆ ಸುಳ್ಳು ಹೇಳಿದ್ದಕ್ಕೆ ಅವನೂ, ಬರೆದದ್ದಕ್ಕೆ ನಾನೂ, ನಕ್ಕದ್ದಕ್ಕೆ ಅವರೂ ಸಾಯುತ್ತಿದ್ದೆವು.

"ಕೀಲು ಎಲ್ಲಿದೆ ಅಂತ ನಿಂಗೆ ಗೊತ್ತಲ್ಲ" ಎಂದ ಅವನು. "ಒಂದೇ ಏಟು. ಎರಡನೇದು ಪಾಪ ಅಂತ ನೀನೇ ಹೇಳಿದ್ದೆ."

ಅವನ ಬಲಗೈಯನ್ನು ಕೊರಡಿನ ಮೇಲಿಟ್ಟೆ. ಏಪ್ರನ್ನಿನ ದಾರ ಕಿತ್ತು ಮಣಿಕಟ್ಟಿನ ಮೇಲೆ ಬಿಗಿಯಾಗಿ ಕಟ್ಟಿದೆ. ಹಂದಿಗೂ ಇಷ್ಟು ಉಪಚಾರ ಮಾಡ್ತೀಯಾ ಎಂದು ಕುರಿಮರಿ ನಕ್ಕ. ಹೆಬ್ಬೆರಳಿನಿಂದ ಕೀಲು ಹುಡುಕಿದೆ, ಸ್ವಲ್ಪ ಹೊತ್ತಿನ ಮುಂಚೆ ಅವನು ಶಾಯಿ ಹಚ್ಚಿದ್ದ ಅದೇ ಹೆಬ್ಬೆರಳು. ಅವನ ಚರ್ಮದ ಮೇಲೆ ನೀಲಿ ಗುರುತು ಬಿತ್ತು. ಅವನು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕನ್ನಡಕವಿಲ್ಲದ ಆ ಕಣ್ಣುಗಳನ್ನು ಹತ್ತಿರದಿಂದ ನೋಡಿದ್ದು ಆವತ್ತೇ. ಇವನನ್ನು ನಾನು ಪ್ರೀತಿಸುತ್ತೇನೆ ಎಂದು ನನಗೆ ಗೊತ್ತಾಗಿದ್ದು ಮಚ್ಚು ನನ್ನ ತಲೆಯ ಮೇಲಿದ್ದಾಗ.

ಒಂದೇ ಏಟು.

ಅವನ ಕೂಗು ಈಗಲೂ ಕೆಲವೊಮ್ಮೆ ಕೇಳಿಸುತ್ತದೆ. ಕುದಿಯುತ್ತಿದ್ದ ಕೊಬ್ಬಿನ ಕಡಾಯಿ ಪಕ್ಕದಲ್ಲೇ ಇತ್ತು, ಸೌಟಿನಲ್ಲಿ ಎತ್ತಿ ಗಾಯಕ್ಕೆ ಹಾಕಿದೆ. ಆಗ ಅವನಿಗೆ ಎಚ್ಚರ ತಪ್ಪಿತು. ಬೂಟಿನವರು ಸ್ವಲ್ಪ ಹೊತ್ತು ನೋಡಿ ಲಾರಿ ಹತ್ತಿ ಹೋದರು. ಅಕ್ಕಿ ಮೂಟೆಗಳನ್ನೂ ವಾಪಸ್ ಒಯ್ದರು. ಅವನನ್ನು ಕತ್ತೆಯ ಮೇಲೆ ಮಲಗಿಸಿ, ಐದು ಗಂಟೆ ನಡೆದು, ಕೆಳಗಿನ ಊರಿನ ಸನ್ಯಾಸಿನಿಯರ ಆಸ್ಪತ್ರೆಗೆ ಸೇರಿಸಿದೆ. ಕೊರಡಿನ ಮೇಲೆ ಉಳಿದ ಕೈಯನ್ನು ನಿಕೊಲಾಸಾ ಅಜ್ಜಿ ತನ್ನ ತಲೆವಸ್ತ್ರದಲ್ಲಿ ಸುತ್ತಿ, ದೇಲಿಯೊನ ಗೋರಿಯ ಪಕ್ಕ ಹೂತು, ಒಂಬತ್ತು ದಿನ ಪ್ರಾರ್ಥನೆ ಮಾಡಿದಳಂತೆ. ಆ ಊರಿಗೆ ನಾವು ಮತ್ತೆ ಹೋಗಲಿಲ್ಲ.

ಕಾರ್ತಹೇನಾದ ಅಂಚಿನಲ್ಲಿ, ನಮ್ಮ ಹಾಗೆ ಊರು ಬಿಟ್ಟು ಬಂದವರ ತಗಡಿನ ಮನೆಗಳ ನಡುವೆ ನಮ್ಮದೂ ಒಂದಾಯಿತು. ಅವನಿಗೆ ಒಳಗೆ ಮಂಚ, ನನಗೆ ಮಲಗಲು ಹೊರಗೆ ಜೋಲಿ. ನನಗೆ ಮಚ್ಚು ಎತ್ತಲು ಆಗುತ್ತಿರಲಿಲ್ಲ, ಬಾಳೆಕಾಯಿ ಕರಿದು ಮಾರಿದೆ. ಅವನು ಗೋಡೆ ನೋಡಿಕೊಂಡು ಕೂರುತ್ತಿದ್ದ.

ಐದನೇ ತಿಂಗಳು ಸಂತೆಯಿಂದ ಒಂದು ಹಳೆ ಚರ್ಮದ ಕುರ್ಚಿ ಹೊತ್ತು ತಂದು ಅವನೆದುರು ಕುಕ್ಕಿದೆ.

"ಬರಿ."

"ಯಾವ ಕೈಲಿ?"

"ಇನ್ನೊಂದಿದೆಯಲ್ಲ, ಅದೇನು ಮೂಗು ಕೆರ್ಕೊಳ್ಳೋಕಾ?"

ಅವನು ಎಷ್ಟೋ ದಿನಗಳ ಮೇಲೆ ನಕ್ಕ. "ಎನೇದಾ, ಮೇಷ್ಟ್ರ ಹತ್ರ ಹೀಗಾ ಮಾತಾಡೋದು?"

"ಈಗ ಮೇಷ್ಟ್ರು ನಾನು. ನಾಳೆ ಸಂಜೆ ಒಳಗೆ ಒಂದು ಹಾಳೆ. ನನ್ನ ಪೆನ್ನು ತಾಗಲ್ಲ, ಬೈಯಲ್ಲ, ಹೊಗಳಲ್ಲ."

ಮಾರನೇ ದಿನ ಸಂಜೆ ಅವನು ಕುರ್ಚಿಯಲ್ಲಿ ಕೂತು ಓದಿದ. ಒಂದೇ ಸಾಲು ಇತ್ತು. "ಮೂರನೇ ಪ್ರಶ್ನೆ. ನನ್ನನ್ನು ಮದುವೆಯಾಗುತ್ತೀಯಾ?"

ಉತ್ತರ ಕೊಡದೆ ಹಾಳೆ ಕಿತ್ತುಕೊಂಡೆ. ಅಕ್ಷರಗಳು ಸೊಟ್ಟಸೊಟ್ಟಗಿದ್ದವು, ಆದರೆ ಹಿಂದಕ್ಕೆ ವಾಲಿದ್ದವು, ಒಂದೊಂದಕ್ಕೂ ಬಾಲವಿತ್ತು.

"ಇದೇನಿದು?"

"ನಂಗೆ ಬೇರೆ ಅಕ್ಷರ ಬರ್ತಿಲ್ಲ" ಎಂದ ತಲೆ ತಗ್ಗಿಸಿ. "ಅಲ್ಲಿದ್ದಾಗ ನಿನ್ನ ಹಾಳೆಗಳನ್ನ ಓದೋಕೆ ಅಂತ ಮನೆಗೆ ಒಯ್ತಿದ್ನಲ್ಲ, ಓದ್ತಾ ಇರ್ಲಿಲ್ಲ, ನಕಲು ಮಾಡ್ತಿದ್ದೆ. ನಾಲ್ಕು ತಿಂಗಳು, ದಿನಾ. ಎಲ್ಲರಿಗೂ ನಕಲು ಬೇಡ ಅಂತ ಪಾಠ ಹೇಳಿ ನಾನೇ ಮಾಡ್ತಿದ್ದೆ. ಬರೀತಾ ಇದ್ರೆ ನೀನು ಪಕ್ಕದಲ್ಲಿ ಕೂತ ಹಾಗೆ ಇರ್ತಿತ್ತು."

ನಾನು ಬಾಯಿಗೆ ಕೈ ಅಡ್ಡ ಇಡದೆ ನಕ್ಕೆ, ಅಳುತ್ತಲೇ ನಕ್ಕೆ. ಜೋಲಿ ಅವತ್ತೇ ಬಿಚ್ಚಿದೆ.

ಮುಂದಿನ ವರ್ಷ ಕುರಿಮರಿಯನ್ನು ಅವನ ಕಡೆಯವರೇ ಕೋಳಿ ಅಂಕದಲ್ಲಿ ಗುಂಡಿಟ್ಟು ಕೊಂದರು ಎಂದು ಸುದ್ದಿ ಬಂತು. ನನಗೆ ಸಮಾಧಾನವಾಗಲಿಲ್ಲ. ಅವನನ್ನು ಎದುರಿಗೆ ಕೂರಿಸಿ ನನ್ನ ಹಾಳೆ ಓದಿ ಹೇಳಬೇಕೆಂದಿದ್ದೆ. ಅದಾದ ತಿಂಗಳಿಗೆ ನಾವಿಬ್ಬರೂ ನೋಂದಣಿ ಕಚೇರಿಗೆ ಹೋದೆವು. ಎರಡು ಕೆಲಸ ಇತ್ತು.

ಮೊದಲನೆಯದು ದೇಲಿಯೊನದು. ಅಲ್ಲಿದ್ದ ಹೆಂಗಸು ನನ್ನ ಬಟ್ಟೆ ನೋಡಿ ಶಾಯಿ ಪ್ಯಾಡು ಮುಂದೆ ತಳ್ಳಿದಳು. ಅದನ್ನು ವಾಪಸ್ ತಳ್ಳಿ ಬರೆದೆ. "ನನ್ನ ತಮ್ಮ ದೇಲಿಯೊ ಮುಳುಗಿ ಸಾಯಲಿಲ್ಲ. ಹಳದಿ ಅಂಗಿ ಹಾಕಿದ್ದ." ಹನ್ನೊಂದು ಏಟನ್ನೂ ಬರೆದೆ. ಕೆಳಗೆ ಹೆಸರು ಹಾಕಿದೆ, ಪೂರ್ತಿ ಹೆಸರು, ಬಾಲದ ಸಮೇತ.

ಎರಡನೆಯದು ಮದುವೆಯ ಪುಸ್ತಕ. ನಾನು ಸಹಿ ಮಾಡಿದೆ, ಉಬಾಲ್ದೊ ಎಡಗೈಯಲ್ಲಿ ನಾಲಿಗೆ ಕಚ್ಚಿಕೊಂಡು ಸಹಿ ಮಾಡಿದ. ಆ ಹೆಂಗಸು ಎರಡನ್ನೂ ನೋಡಿ, ಕನ್ನಡಕ ಏರಿಸಿ ಮತ್ತೆ ನೋಡಿ ಗದರಿದಳು.

"ಇದು ನಡೆಯಲ್ಲ ಕಣಮ್ಮ. ಎರಡೂ ಒಬ್ಬರದ್ದೇ ಬರಹ. ಗಂಡನ ಪರವಾಗಿ ನೀನೇ ಹಾಕಿದೀಯಾ?"

ಉಬಾಲ್ದೊ ಏನೋ ಹೇಳಲು ಹೊರಟ. ನಾನು ಅವನ ಮೊಂಡುಗೈಯನ್ನು ಹಿಡಿದು ಮೇಜಿನ ಮೇಲೆ, ಅವಳ ಕಣ್ಣೆದುರಿಗೇ ಇಟ್ಟೆ.

"ಇವರ ಕೈ ಕಡಿದವಳು ನಾನೇ ಮೇಡಂ. ಅದಕ್ಕೇ ನಂದು ಕೊಟ್ಟಿದೀನಿ. ಪ್ರಶ್ನೆ ಇದ್ರೆ ಕೇಳಿ, ಮೂರು ಕೇಳ್ಬಹುದು."

ಅವಳು ಒಂದೂ ಕೇಳಲಿಲ್ಲ. ಮುದ್ರೆ ಎತ್ತಿ ಒತ್ತಿದಳು.